ಕಾದ ಗಾಜಿನ ಮೇಲಿನ ಪಾನಕ

ನಮ್ಮ ಅತ್ತಿಗೆ ಲತಾಮಣಿಗೆ ಕಳೆದ ಏಪ್ರಿಲ್‌ನಲ್ಲಿ ಆದದ್ದಿದು. ನಾನೂ ಅಲ್ಲೇ ಇದ್ದೆ, ಆದ್ದರಿಂದ ಸುಳ್ಳೆನ್ನಬೇಡಿ.

ವಸಂತಪುರದ ಅವರ ತಾರಸಿ ತೋಟಕ್ಕೆ ಹೊಸ ಗಾಜಿನ ಮೇಜು ಬಂದಿತ್ತು. ಮಧ್ಯಾಹ್ನದ ಬಿಸಿಲಿಗೆ ಗಾಜು ಕಾದ ಹೆಂಚಿನಂತಾಗಿತ್ತು. ಅತ್ತಿಗೆ ಐಸ್ ತುಂಬಿದ ಪಾನಕದ ಜಗ್ ಅದರ ಮೇಲಿಟ್ಟು, ಲೋಟ ತರುವಂತೆ ನನ್ನನ್ನು ಕೂಗಲು ತಿರುಗಿದರು. ಮತ್ತೆ ನೋಡಿದರೆ ಜಗ್ ನೆಲದ ಮೇಲಿತ್ತು.

"ರೀ, ತಮಾಷೆ ಸಾಕು!" ಎಂದು ನಕ್ಕರು.

"ನಾನಿಲ್ಲಿ ನೆರಳು ಪರದೆ ಕಟ್ತಿದೀನಿ ಕಣೇ! ದೆವ್ವ ಇದ್ರೆ ಅದಕ್ಕೂ ಒಂದ್ ಲೋಟ ಕೊಡು," ಎಂದ ಪ್ರಮೋದಣ್ಣ, ತಾರಸಿಯ ಆ ತುದಿಯಿಂದ.

ಅತ್ತಿಗೆ ನಗುತ್ತಲೇ ಜಗ್ಗನ್ನು ಮತ್ತೆ ಗಾಜಿನ ಮೇಲಿಟ್ಟರು. ಕೂಡಲೇ ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದರು. ಅವರು ಹಿಂದಕ್ಕೆ ಸರಿದದ್ದೇ ತಡ, ಇಡೀ ಗಾಜು ಟಪ್ಪೆಂದು ಒಡೆದು ಕಲ್ಲುಸಕ್ಕರೆಯಂತೆ ಸುರಿಯಿತು. ಅವರಿಗೆ ಒಂದು ಗೀರೂ ಆಗಲಿಲ್ಲ.

"ಕಾದ ಗಾಜಿನ ಮೇಲೆ ತಣ್ಣಗಿರೋದು ಇಡ್ಬೇಡಿ ಅಂತ ಅಂಗಡಿಯವ್ರು ಹೇಳಿದ್ರಲ್ಲೇ!" ಎಂದು ಅಣ್ಣ ಓಡಿಬಂದ.

"ನೀನು ನನ್ನ ಬದುಕಿಸ್ದೆ ಕಣೋ, ಸರಿಯಾದ ಟೈಮಿಗೆ ಸೆರಗು ಎಳ್ದೆ," ಎನ್ನುತ್ತ ಅತ್ತಿಗೆ ನನ್ನನ್ನು ಹುಡುಕಿ ಹಿಂದೆ ತಿರುಗಿದರು.

ನಾನು ಮೇಜಿನಾಚೆ, ಮೆಟ್ಟಿಲ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. ಅವರ ಹಿಂದೆ ಇದ್ದದ್ದು ತಾರಸಿ ಅಂಚಿನ ಕೈಗೋಡೆ ಮಾತ್ರ. ಅದರಾಚೆ, ಮೂರು ಮಹಡಿ ಕೆಳಗೆ, ರಸ್ತೆ.