ನೇರಳೆ ಮಫ್ಲರ್

ನಾಟಕದ ಗಂಡಸನ್ನು ಮದುವೆಯಾಗುವುದಿಲ್ಲ ಎಂದು ಎರ್ಮೀನಿಯ ಬಹಳ ಹಿಂದೆಯೇ ಅಮ್ಮನಿಗೆ ಮಾತು ಕೊಟ್ಟಿದ್ದಳು. ಅಪ್ಪ ನಾಟಕದ ಗಾಯಕ. ಊರೂರಲ್ಲಿ ಹಾಡಿ, ಊರಿಗೊಂದು ಸಂಸಾರ ಹೂಡಿದವನು. ಅಮ್ಮ ತೀರಿಕೊಂಡರೂ ಆ ಮಾತು ಮಗಳ ಜೊತೆಗೇ ಇತ್ತು.

ಹಾಗಾಗಿ ವೆನಿಸ್ಸಿನ ಥಿಯೇಟರಿನಲ್ಲಿ ಉಡುಪು ಹೊಲಿಯುತ್ತಿದ್ದರೂ ಹಾಡುವವರನ್ನು ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ. ತುಲ್ಲಿಯೊ ಮಾತ್ರ ಬೇರೆ. ಅವನು ಹಾರ್ಪ್ಸಿಕಾರ್ಡ್ ಎಂಬ ಪಿಯಾನೊದಂಥ ಹಳೇ ತಂತಿವಾದ್ಯವನ್ನು ಶ್ರುತಿ ಮಾಡಲು ಹೊರಗಿನಿಂದ ಬಂದವನು. ಆ ವರ್ಷದ ಆಪೆರಾ ಹೊಸದು, ಧಾಟಿ ಮಾತ್ರ ಅಜ್ಜಂದಿರ ಕಾಲದ್ದು: ಸೈತಾನನ ಸ್ನೇಹ ಮಾಡಿ ಕೆಟ್ಟು ಹುಚ್ಚಾಸ್ಪತ್ರೆ ಸೇರುವ ಹುಡುಗ, ಅವನನ್ನು ಹುಡುಕಿಕೊಂಡು ಬರುವ ಹುಡುಗಿ.

ಕಾಲುವೆಯ ತೇವಕ್ಕೆ ತಂತಿ ಸಡಿಲಾಗುತ್ತದೆ ಎಂದು ತುಲ್ಲಿಯೊ ಬೆಳಿಗ್ಗೆ, ಸಂಜೆ ಬರುತ್ತಿದ್ದ. ಸಡಿಲಾಗದ ದಿನವೂ ಬರುತ್ತಿದ್ದ. ತಂತಿ ಇರೋದು ಕೆಳಗೆ, ಕಣ್ಣು ಯಾಕಪ್ಪ ಹೊಲಿಗೆ ಕೋಣೆ ಕಡೆ ಎಂದು ಹೆಂಗಸರು ಕಾಡುತ್ತಿದ್ದರು. ಅವನ ಕಿವಿ ಕೆಂಪಾಗುತ್ತಿತ್ತು, ಇವಳ ಸೂಜಿ ತಪ್ಪುತ್ತಿತ್ತು.

ಅವಳಿಗೆ ಒಂದೇ ಅನುಮಾನ, ಇವನೂ ಹಿಂದೆ ಹಾಡಿದವನೇ ಇರಬಹುದೇ ಎಂದು. ಗಾಯಕ ಉಸಿರೆಳೆಯುವಾಗ ತುಲ್ಲಿಯೊನ ಎದೆಯೂ ತುಂಬಿಕೊಳ್ಳುತ್ತಿತ್ತು.

ಅವಳು ನೇರಳೆ ಉಲ್ಲನ್ ತಂದು ಮಫ್ಲರ್ ಹೆಣೆದಳು. ಹೊರಗಿನವರಿಗೆ ನೇರಳೆ ಬರೀ ಬಣ್ಣ. ನಾಟಕದವರಿಗೆ ಅಪಶಕುನ, ಕಂಡರೆ ಕಬ್ಬಿಣ ಮುಟ್ಟಿ ದೋಷ ಕಳೆದುಕೊಳ್ಳುತ್ತಾರೆ, ಆ ಬಣ್ಣ ಥಿಯೇಟರಿನ ಹೊಸ್ತಿಲು ದಾಟುವಂತಿಲ್ಲ. ಥಿಯೇಟರಿನ ಹಿಂದಿನ ಸೇತುವೆಯ ಮೇಲೆ ಅದನ್ನು ಕೊಟ್ಟಳು. ತುಲ್ಲಿಯೊ ನಕ್ಕ. ಆದರೆ ಕೈ ತಾನಾಗಿ ಜೇಬಿಗಿಳಿದು ಶ್ರುತಿ ಮಾಡುವ ಕಬ್ಬಿಣದ ಕೀಲಿ ಹಿಡಿಯಿತು.

"ಕಬ್ಬಿಣ ಮುಟ್ಟಿದ್ರಿ," ಎಂದಳು ಮೆಲ್ಲಗೆ. "ಎಲ್ಲಿ ಹಾಡ್ತಿದ್ರಿ?"

ಅವನು ಮುಚ್ಚಿಡಲಿಲ್ಲ. ಪಾದುವಾದಲ್ಲಿ ಹಾಡುತ್ತಿದ್ದುದು, ಕುಡಿತ, ಇಸ್ಪೀಟು, ಒಡೆದುಹೋದ ಗಂಟಲು, ಎಲ್ಲ ಹೇಳಿದ.

"ಈ ನಾಟಕದ ಹುಡುಗನ ಥರಾನೇ ಕೆಟ್ಟೆ ಕಣ್ರೀ. ನನ್ನನ್ನ ಹುಡುಕ್ಕೊಂಡು ಮಾತ್ರ ಯಾರೂ ಬರಲಿಲ್ಲ."

ಎರ್ಮೀನಿಯ ಅಮ್ಮನಿಗೆ ಕೊಟ್ಟ ಮಾತನ್ನು ಹೇಳಿದಳು.

"ಈಗ ನಾನು ಹಾಡಲ್ವಲ್ಲ."

"ಥಿಯೇಟರಿನ ಅನ್ನ ತಿಂತೀರಲ್ಲ. ಬೇಡ ಅನ್ನೋಕೆ ಅಮ್ಮನಿಗೆ ಅಷ್ಟು ಸಾಕಿತ್ತು."

ತುಲ್ಲಿಯೊ ಮಫ್ಲರನ್ನು ಕುತ್ತಿಗೆಗೆ ಸುತ್ತಿಕೊಂಡು ನೇರ ರಿಹರ್ಸಲ್‌ಗೆ ನುಗ್ಗಿದ.

ಒಳಗೆ ಮೇಳದವರೆಲ್ಲ ಕತ್ತರಿ, ಮೊಳೆ, ಬಾಗಿಲ ಚಿಲಕ, ಸಿಕ್ಕ ಕಬ್ಬಿಣ ಹಿಡಿದುಕೊಂಡರು. ಸೈತಾನನ ಪಾತ್ರದವನು ಪರದೆಯ ಹಿಂದೆ ಅವಿತುಕೊಂಡು ಶಿಲುಬೆಯ ಗುರುತು ಮಾಡಿಕೊಂಡ. ಮ್ಯಾನೇಜರ್ ತುಲ್ಲಿಯೊನ ಕಾಲರ್ ಹಿಡಿದು ಬೀದಿಗೆ ತಳ್ಳಿ, ಇನ್ನು ಇಟಲಿಯ ಯಾವ ಥಿಯೇಟರೂ ನಿನ್ನನ್ನು ಒಳಗೆ ಬಿಡದ ಹಾಗೆ ಮಾಡುತ್ತೇನೆ ಎಂದು ಆಣೆಯಿಟ್ಟ.

ತುಲ್ಲಿಯೊ ಸೇತುವೆಗೆ ಓಡಿ ಬಂದ, ಏದುಸಿರು, ನಗು.

"ಶ್ರುತಿ ಬೆಳಿಗ್ಗೇನೇ ಮಾಡಿಟ್ಟಿದೀನಿ, ಅವರಿಗೇನೂ ತೊಂದ್ರೆ ಇಲ್ಲ. ನನಗೆ ಇನ್ನು ಥಿಯೇಟರಿನ ಅನ್ನ ಇಲ್ಲ, ಇಗರ್ಜಿಯ ಆರ್ಗನ್, ಮಕ್ಕಳ ಪಿಯಾನೊ ಅಷ್ಟೇ. ಸಾಕಲ್ವಾ?"

"ಹುಚ್ಚ," ಎಂದಳು ಅವಳು, ಮೊದಲ ಬಾರಿಗೆ ಏಕವಚನದಲ್ಲಿ. ಮಫ್ಲರ್ ಹಿಡಿದು ಅವನನ್ನು ಹತ್ತಿರಕ್ಕೆಳೆದುಕೊಂಡಳು.

ನವೆಂಬರಿನಲ್ಲಿ ಮದುವೆಯಾಯಿತು. ಅಮ್ಮನಿಗೆ ಕೊಟ್ಟ ಮಾತನ್ನು ಎರ್ಮೀನಿಯ ಉಳಿಸಿಕೊಂಡಳು.