ಸಿದ್ದುವಿನ ತೋಳು, ಸರದಾರನ ಹುರಳಿ

"ಏಯ್, ಅದು ಸರದಾರಂದು ಕಣೋ! ನೀನ್ಯಾಕೆ ತಿಂತೀಯ?"

ಅಕ್ಕ ಧನ್ಯಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದಳು. ಒಳಗೆ ಸಿದ್ಧಲಿಂಗೇಶ್, ಅಂದರೆ ನಮ್ಮ ಸಿದ್ದು, ನೆನೆಸಿದ ಹುರಳಿಯ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಬಾಯಿ ತುಂಬಿ ಕೆನ್ನೆ ಉಬ್ಬಿತ್ತು. ಸರದಾರ ಅವರ ಮನೆಯ ಹಬ್ಬದ ಹೋರಿ. ಕಳೆದ ಸಲ ದೀಪಾವಳಿಗೆ ಹೋರಿ ಓಡಿಸುವಾಗ ಅದನ್ನು ಹಿಡಿಯಲು ಯಾರಿಗೂ ಆಗಿರಲಿಲ್ಲ. ಈಗ ಅದು ತನ್ನ ಬಕೆಟ್ಟನ್ನೂ ಸಿದ್ದುವನ್ನೂ ನೋಡಿ ಬುಸ್ ಎಂದಿತು.

"ಅವ್ವಂಗೆ ಹೇಳ್ಬೇಡ ಕಣೇ ಅಕ್ಕ, ಪ್ಲೀಸ್!"

ಸಿದ್ದುವಿನ ಕಷ್ಟ ಸಿದ್ದುವಿಗೆ. ಏಳನೇ ಕ್ಲಾಸಿನ ಅವನು ಸ್ಕೂಲಿನ ಕಬಡ್ಡಿ ಟೀಮಿಗೆ ಸೆಲೆಕ್ಟ್ ಆಗಿದ್ದ. ಆ ಖುಷಿ ಇದ್ದದ್ದು ಎರಡೇ ದಿನ. ಮೂರನೇ ದಿನ ಹೊಸ ಜೆರ್ಸಿ ಬಂತು. ನೋಡಿದರೆ ಅದಕ್ಕೆ ತೋಳೇ ಇರಲಿಲ್ಲ! ಹಾಕಿಕೊಂಡಾಗ ಎರಡೂ ಕಡೆ ನುಗ್ಗೆಕಾಯಿ ಇಳಿಬಿಟ್ಟ ಹಾಗಿತ್ತು.

"ಲೇ ಸಿದ್ದು, ತೋಳು ಮನೇಲೇ ಬಿಟ್ಟು ಬಂದೇನೋ?" ಎಂದ ಗೆಳೆಯ ಈಶ್ವರ್. ಎಲ್ಲರೂ ನಕ್ಕರು. ಸಿದ್ದುವೂ ನಕ್ಕ. ಆದರೆ ಜೆರ್ಸಿಯ ಮೇಲೆ ಮತ್ತೆ ಶರ್ಟು ಹಾಕಿಕೊಂಡ.

ಶಿರಾಳಕೊಪ್ಪದ ಮ್ಯಾಚಿಗೆ ಇನ್ನು ಒಂದೇ ತಿಂಗಳು. ಅಷ್ಟರಲ್ಲಿ ತೋಳು ದಪ್ಪ ಆಗದಿದ್ದರೆ ಆಡುವುದೇ ಇಲ್ಲ ಎಂದು ಅವನು ತೀರ್ಮಾನ ಮಾಡಿದ. ಗೋಣಿಚೀಲ ಹೊಲಿಯುವ ದಾರವನ್ನು ತೋಳಿಗೆ ಸುತ್ತಿ, ಅಳತೆಗೆ ಒಂದು ಗಂಟು ಹಾಕಿ ಜೇಬಿನಲ್ಲಿ ಇಟ್ಟುಕೊಂಡ. ಮನೆಯಲ್ಲಿ, ಸ್ಕೂಲಿನಲ್ಲಿ, ದಿನಕ್ಕೆ ನಾಲ್ಕು ಸಲ ಅಳೆದ. ಗಂಟು ಇದ್ದಲ್ಲೇ ಇತ್ತು. ಆಗಲೇ ಅವನ ಕಣ್ಣು ಸರದಾರನ ಹುರಳಿಯ ಮೇಲೆ ಬಿದ್ದದ್ದು.

ಹಸಿ ಹುರಳಿ ಸುಮ್ಮನೆ ಬಿಟ್ಟೀತೇ? ಗಣಿತದ ಪೀರಿಯಡ್ಡಿನಲ್ಲಿ ಅವನ ಹೊಟ್ಟೆ ಗುಡುಗಿತು. ಮೂರು ಸಲ ಹೊರಗೆ ಓಡಿದ. ನಾಲ್ಕನೇ ಸಲ ಕೇಳುವ ಮೊದಲೇ ಮಿಸ್ಸು, "ಹೋಗಪ್ಪ, ಹೋಗು" ಅಂದುಬಿಟ್ಟರು.

ಸಂಜೆ ಧನ್ಯಾ ಎಲ್ಲವನ್ನೂ ಅಜ್ಜನಿಗೆ ಹೇಳಿಬಿಟ್ಟಳು. ತೋಟಪ್ಪಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹುರಳಿ ತಿಂದಷ್ಟಕ್ಕೇ ಮೈ ಬರಂಗಿದ್ರೆ ನಮ್ಮನಿ ಇಲಿಗಳೆಲ್ಲ ಪೈಲ್ವಾನ್ರಾಗ್ಬೇಕಿತ್ತಲ್ಲೋ!"

ಸಿದ್ದು ಮುಖ ಊದಿಸಿಕೊಂಡ. ಅಜ್ಜ ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಈ ಸರದಾರನ್ನ ತಂದಾಗ ಪಕ್ಕೆಲುಬು ಎಣಿಸ್ಬಹುದಿತ್ತು. ಊರೋರೆಲ್ಲ ನಕ್ಕಿದ್ರು. ನೀನು ಇದು ತಿನ್ನೋದಷ್ಟೇ ನೋಡಿದಿ. ಕೆರೀಲಿ ಈಜೋದು ನೋಡಿದೇನು? ನಾಳೆ ನನ್ನ ಜೊತಿ ಬಾ."

ಮರುದಿನ ಬೆಳಿಗ್ಗೆ ಅಜ್ಜ, ಸಿದ್ದು, ಸರದಾರ ಮೂವರೂ ಕೆರೆಗೆ ಹೊರಟರು. ಸರದಾರ ನೀರಿಗೆ ಇಳಿದು ಮೂಗು ಮೇಲೆತ್ತಿ ಈಜಿತು. ಸಿದ್ದುವೂ ಇಳಿದ. ಈಜು ಅವನಿಗೆ ಮೊದಲೇ ಬರುತ್ತಿತ್ತು. ಅಜ್ಜ ದಡದಲ್ಲೇ ನಿಂತು, "ಹ್ಞಾಂ, ಕೈ ಬೀಸು! ಸುಸ್ತಾದ್ರೆ ಹತ್ತಿ ಬಾ!" ಎನ್ನುತ್ತಿದ್ದರು. ಅವತ್ತಿನಿಂದ ದಿನಾ ಇದೇ ನಡೆಯಿತು. ವಾಪಸ್ಸು ಬರುವಾಗ ಕೆರೆ ಏರಿಯ ಮೇಲೆ ಹೋರಿಯ ಜೊತೆ ಓಟ. ಗೆದ್ದದ್ದು ಪ್ರತಿಸಲವೂ ಹೋರಿಯೇ.

ಮನೆಗೆ ಬಂದರೆ ಅವ್ವನ ಬಿಸಿ ರೊಟ್ಟಿ, ಚೆನ್ನಾಗಿ ಬೆಂದ ಹುರಳಿಕಾಳಿನ ಪಲ್ಯ, ಒಂದು ಲೋಟ ಹಾಲು. ಎರಡು ರೊಟ್ಟಿಗೇ ಏಳುತ್ತಿದ್ದ ಸಿದ್ದು ಈಗ ಮೂರನೆಯದನ್ನು ತಾನೇ ಕೇಳುತ್ತಿದ್ದ. ಒಂಬತ್ತು ಗಂಟೆಗೆ ಹಾಸಿಗೆಗೆ ಬಿದ್ದರೆ ಗೊರಕೆ. ಕೆರೆಯಲ್ಲಿ ಮೋಜೋ ಮೋಜು. ಅಳೆಯುವುದು ಯಾವತ್ತು ಮರೆತುಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

ಒಂದು ದಿನ ಪ್ರಾಕ್ಟೀಸಿನಲ್ಲಿ ಪಿ.ಟಿ. ಸರ್ ವಿಷಲ್ ಕೈಯಲ್ಲಿ ಹಿಡಿದು ಹಾಗೇ ನಿಂತರು. "ಏನೋ ಇದು, ಎಷ್ಟೊತ್ತಾದ್ರೂ ನಿನ್ನ ಉಸಿರೇ ಮುಗೀವಲ್ದು!"

ಮ್ಯಾಚಿನ ದಿನ ಬಂದೇಬಿಟ್ಟಿತು. ಸಿದ್ದು ಜೆರ್ಸಿ ಹಾಕಿಕೊಂಡ. ತೋಳುಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಆದರೆ ಕೆರೆಯಲ್ಲಿ ನೆನೆದೂ ನೆನೆದೂ ಚಡ್ಡಿಯ ಎಲಾಸ್ಟಿಕ್ ಸಡಿಲ! ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ರೈಡ್ ಹೋಗಲು ಆಗುತ್ತದೆಯೇ?

ಅವನು ಬ್ಯಾಗಿನಲ್ಲಿದ್ದ ಹಳೇ ಪ್ಯಾಂಟಿನ ಜೇಬು ತಡಕಿದ. ದಾರ ಸಿಕ್ಕಿತು. ಗಂಟು ಇನ್ನೂ ಹಾಗೇ ಇತ್ತು.

ಈಶ್ವರ್ ಬಗ್ಗಿ ನೋಡಿದ. "ಇದು ನಿನ್ನ ತೋಳಿನ ಅಳತೆ ದಾರ ಅಲ್ವೇನೋ? ಎಷ್ಟಾಗಿದೆ, ಅಳೆದು ನೋಡು!"

"ಟೈಮಿಲ್ಲ ಕಣೋ!" ಎಂದ ಸಿದ್ದು.

ಅವನು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಸಡಿಲವಾದ ಬಟ್ಟೆಯನ್ನು ಸೊಂಟದ ಹತ್ತಿರ ಮುದುರಿ, ಅದೇ ದಾರದಿಂದ ಬಿಗಿಯಾಗಿ ಕಟ್ಟಿದ. ಆಮೇಲೆ ಎರಡೂ ಕೈ ಬೀಸುತ್ತ, "ಕಬಡ್ಡಿ, ಕಬಡ್ಡಿ, ಕಬಡ್ಡಿ" ಎನ್ನುತ್ತ ಗೆರೆ ದಾಟಿದ.