ಎರಡನೇ ಬಟ್ಟಲು

ಯಾಗೊದಾ ಬಟ್ಟಲನ್ನು ಮುಂದಿಟ್ಟಾಗ ತುವಾನ್ ಅವಳನ್ನೇ ನೋಡಿ ಮುಗುಳ್ನಕ್ಕ. ಆ ನಗು ಕಂಡು ಅವಳು ತಟ್ಟನೆ ಕಣ್ಣು ತಗ್ಗಿಸಿದಳು. ಪಾಪ, ಇವನಿಗೇನು ಗೊತ್ತು!

ಹೆಣ್ಣು ಕೇಳಲು ಬಂದವನಿಗೆ ಬಾತುಕೋಳಿ ರಕ್ತದ ಕಪ್ಪು ಸೂಪು ಬಡಿಸಿದರೆ, ಹೆಣ್ಣು ಕೊಡುವುದಿಲ್ಲ, ಎದ್ದು ಹೋಗು ಎಂದರ್ಥ. ಪೋಲೆಂಡಿನಲ್ಲಿ ಈಗ ಈ ಹಳೇ ಶಾಸ್ತ್ರ ಹಿಡಿದು ಕೂತವರು ಕಡಿಮೆ. ಅವಳಪ್ಪ ಜೆನೊನ್ ಮಾತ್ರ ಹಟಕ್ಕೆ ಬಿದ್ದಿದ್ದರು.

"ಆ ವಿಯೆಟ್ನಾಮಿನವನಿಗೆ ನೀನೇ ಮಾಡಿ ನೀನೇ ಬಡಿಸ್ಬೇಕು. ಇಲ್ಲಾಂದ್ರೆ ನಿಮ್ಮಮ್ಮನ ರೂಮಿಗೆ ಕಾಲಿಡಬೇಡ."

ಅಮ್ಮ ಮಹಡಿಯ ಮೇಲೆ ಕೊನೆಯ ದಿನಗಳನ್ನು ಎಣಿಸುತ್ತ ಮಲಗಿದ್ದಳು. ಮಗಳ ಕೈಯಿಂದಲ್ಲದೆ ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಯಾಗೊದಾ ಹಲ್ಲುಕಚ್ಚಿಕೊಂಡು ರಕ್ತಕ್ಕೆ ವಿನಿಗರ್ ಬೆರೆಸಿದ್ದಳು, ಒಣ ಪ್ಲಮ್ಮು, ಲವಂಗ ಹಾಕಿ ಕುದಿಸಿದ್ದಳು.

ತುವಾನ್ ಚಪ್ಪರಿಸಿಕೊಂಡು ಕುಡಿದ. "ನಮ್ಮಮ್ಮನೂ ಬಾತುಕೋಳಿ ರಕ್ತದಲ್ಲಿ ಮಾಡ್ತಾಳೆ. ಆದ್ರೆ ಕುದಿಸಲ್ಲ. ಕೆಂಪಗೆ ಹೆಪ್ಪುಗಟ್ಟಿಸಿ, ಮೇಲೆ ಹುರಿದ ಕಡಲೇಬೀಜ, ಸೊಪ್ಪು ಉದುರಿಸ್ತಾಳೆ. ತುಂಬಾ ಬೇಕಾದೋರು ಬಂದಾಗ ಕೊಡೋದು." ಖಾಲಿ ಬಟ್ಟಲನ್ನು ಮುಂದೆ ಚಾಚಿದ. "ಇನ್ನೊಂದ್ಸಲ್ಪ ಹಾಕ್ತೀಯಾ?"

ಜೆನೊನರ ಮುಖ ಹುಳ್ಳಗಾಯಿತು. "ಹಾಕು, ಹಾಕು," ಎಂದು ಗೊಣಗಿ ಕಿಟಕಿಯತ್ತ ತಿರುಗಿದರು.

ಮನೆಯ ಕಿಟಕಿಗೆ ಕಾಣುವ ಬಸ್ ಸ್ಟಾಪಿನವರೆಗೆ ಅವಳು ಅವನ ಜೊತೆ ಹೋದಳು. ಅಲ್ಲಿ ಅವಳೇ ಮಾತು ತೆಗೆದಳು. "ಆ ಸೂಪು..."

"ಗೊತ್ತು ಕಣೇ. ನಾನೂ ಇಲ್ಲೇ ಸ್ಕೂಲಿಗೆ ಹೋದೋನು."

"ಗೊತ್ತಿದ್ದೂ ಇನ್ನೊಂದು ಬಟ್ಟಲು ಕೇಳಿದ್ಯಾ? ಪೆದ್ದ!"

"ಸೌಟು ಹಿಡಿದಾಗ ನೀನು ನನ್ನ ಮುಖ ನೋಡ್ಲೇ ಇಲ್ಲ. ಬೇಡ ಅಂತಿರೋದು ನೀನಲ್ಲ ಅಂತ ಗೊತ್ತಾಯ್ತು." ಅವನು ಬೂಟಿನ ತುದಿಯಿಂದ ಹಿಮ ಕೆದಕಿದ. "ಕುಡಿದು ಮುಗಿಸಿದ್ರೆ ಎದ್ದು ಹೋಗ್ಬೇಕಲ್ಲ. ಇನ್ನಷ್ಟು ಹೊತ್ತು ನಿನ್ನ ಎದುರಿಗೆ ಕೂತಿರ್ಬೋದು ಅಂತ ಕೇಳ್ದೆ."

ಅವಳಿಗೆ ಅಳು ತಡೆಯಲಾಗಲಿಲ್ಲ. "ನಂಗೆ ನೀನೇ ಬೇಕು ತುವಾನ್. ಬೇರೆ ಯಾರೂ ಬೇಡ. ಆದ್ರೆ ಅಮ್ಮ ಇರೋವರೆಗೂ ನಾನು ಬರೋಕಾಗಲ್ಲ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಅವನ ಜೊತೆ ಹೋಗುವ ದಿನಕ್ಕೆ ಕಾಯುವುದೆಂದರೆ ಏನಕ್ಕೆ ಕಾಯುವುದೆಂದು ಇಬ್ಬರಿಗೂ ತಿಳಿದಿತ್ತು.

ತುವಾನ್ ತನ್ನ ಮಫ್ಲರ್ ಬಿಚ್ಚಿ ಅವಳ ಕುತ್ತಿಗೆಗೆ ಸುತ್ತಿದ. ಅವನ ಬೆರಳುಗಳು ತಣ್ಣಗಿದ್ದವು.

"ಹಾಗಾದ್ರೆ ನೀನು ಬೇಗ ಬರೋದು ಬೇಡ," ಎಂದ.

ಬಸ್ಸು ಬಂತು. ಅಪ್ಪ ಕಿಟಕಿಯಿಂದ ನೋಡುತ್ತಿರುತ್ತಾರೆಂದು ಗೊತ್ತಿದ್ದೂ ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಆಮೇಲೆ, ಅಮ್ಮನಿಗೆ ಉಣಿಸುವ ಹೊತ್ತಾಯಿತೆಂದು ಮನೆಯತ್ತ ನಡೆದಳು.